ಮಡಚುವ ಸೈಕಲ್‌ಗೆ ಏರು ಹತ್ತುವ ಗೇರ್

ಏರಿನ ಅರ್ಧಕ್ಕೆ ಬಂದಿದ್ದೀರಿ. ತೊಡೆ ಉರಿಯುತ್ತಿದೆ. ಹೆಬ್ಬೆರಳು ಇನ್ನೊಮ್ಮೆ ಗೇರ್ ಲಿವರ್ ಒತ್ತುತ್ತದೆ. ಏನೂ ಆಗುವುದಿಲ್ಲ. ಬಗ್ಗಿ ನೋಡಿದರೆ ಚೈನ್ ಆಗಲೇ ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಕೂತಿದೆ. ಇದ್ದ ಗೇರ್ ಎಲ್ಲ ಮುಗಿದಿವೆ, ಏರು ಮಾತ್ರ ಮುಗಿದಿಲ್ಲ. ಮಡಚುವ ಸೈಕಲ್ ಇಟ್ಟುಕೊಂಡು ಗುಡ್ಡದ ದಾರಿಯಲ್ಲಿ ಓಡಾಡುವವರಿಗೆ ಈ ಗಳಿಗೆ ಚೆನ್ನಾಗಿ ಗೊತ್ತು.

ಇಂಥ ಹೊತ್ತಲ್ಲಿ ಬೇರೆ ಸೈಕಲ್‌ನವರು ಎದ್ದು ನಿಂತು ತುಳಿಯುತ್ತಾರೆ. ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಿ, ಹ್ಯಾಂಡಲ್ ಎಳೆದು, ಸೈಕಲನ್ನು ಅತ್ತಿತ್ತ ಆಡಿಸುತ್ತ ಹತ್ತಿಬಿಡುತ್ತಾರೆ. ಮಡಚುವ ಸೈಕಲ್‌ನಲ್ಲಿ ಇದು ಅಷ್ಟು ಸಲೀಸಲ್ಲ. ಅದರ ಹ್ಯಾಂಡಲ್ ಉದ್ದನೆಯ ಕಂಬದ ತುದಿಯಲ್ಲಿರುತ್ತದೆ. ಕಂಬದ ಬುಡದಲ್ಲೊಂದು ಕೀಲು. ಜೋರಾಗಿ ಎಳೆದರೆ ಕಂಬ ಬಾಗುತ್ತದೆ, ಕೀಲು ಕಿರ್ ಅನ್ನುತ್ತದೆ, ಚಿಕ್ಕ ಮುಂಚಕ್ರ ದಾರಿ ಬಿಟ್ಟು ಹೊರಳುತ್ತದೆ. ಕಾಲಿನ ಶಕ್ತಿಯಲ್ಲಿ ಒಂದಷ್ಟು ಸುಮ್ನೆ ವ್ಯರ್ಥ. ಹಾಗಾಗಿ ಕೂತೇ ಹತ್ತಬೇಕು. ಕೂತು ಹತ್ತಬೇಕು ಅಂದರೆ ಗೇರ್ ಹಗುರವಾಗಿರಬೇಕು. ಬೇರೆ ಯಾವ ಸೈಕಲ್‌ಗಿಂತಲೂ ಮಡಚುವ ಸೈಕಲ್‌ಗೇ ಹಗುರದ ಗೇರ್ ಜಾಸ್ತಿ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

"ಚಕ್ರ ಚಿಕ್ಕದು, ಅದಕ್ಕೇ ಏರು ಹತ್ತಲ್ಲ" ಅನ್ನುವವರಿದ್ದಾರೆ. ಇದು ಪೂರ್ತಿ ಉಲ್ಟಾ. ಚಕ್ರ ಚಿಕ್ಕದಾದಷ್ಟೂ ಒಂದು ಸುತ್ತಿಗೆ ಅದು ಹೋಗುವ ದೂರ ಕಡಿಮೆ. ದೂರ ಕಡಿಮೆಯಾದರೆ ತುಳಿಯುವುದು ಹಗುರ. ಅಂದರೆ ಚಿಕ್ಕ ಚಕ್ರ ತಾನೇ ಒಂದು ಕೆಳಗಿನ ಗೇರ್ ಇದ್ದ ಹಾಗೆ. ಆದರೆ ಹಾಗೇ ಬಿಟ್ಟರೆ ಸಮತಟ್ಟಾದ ರಸ್ತೆಯಲ್ಲಿ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ಮಾತ್ರ ಮುಂದೆ ಹೋಗುವುದಿಲ್ಲ. ಅದಕ್ಕೇ ತಯಾರಕರು ಮುಂದೆ, ಪೆಡಲ್ ಬಳಿ, 52 ಹಲ್ಲಿನಷ್ಟು ದೊಡ್ಡ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್ ಹಾಕುತ್ತಾರೆ. ಚಕ್ರ ಕೊಟ್ಟಿದ್ದನ್ನು ಚೈನ್‌ರಿಂಗ್ ಕಿತ್ತುಕೊಳ್ಳುತ್ತದೆ. ಊರೊಳಗೆ, ಮನೆಯಿಂದ ರೈಲು ನಿಲ್ದಾಣಕ್ಕೆ ಹೋಗುವವರಿಗೆ ಅದು ಸರಿಯಾದ ಲೆಕ್ಕವೇ. ಗುಡ್ಡ ಹತ್ತುವವರಿಗೆ ಅಲ್ಲ.

ನಿಮ್ಮ ಗೇರ್ ಎಷ್ಟು ಭಾರ ಅಂತ ತಿಳಿಯಲು ಒಂದು ಸೀಮೆಸುಣ್ಣ ಸಾಕು. ಸೈಕಲನ್ನು ಒಂದನೇ ಗೇರ್‌ಗೆ ಹಾಕಿ. ಒಂದು ಪೆಡಲ್ ನೇರ ಕೆಳಗಿರಲಿ. ಹಿಂಚಕ್ರ ನೆಲ ಮುಟ್ಟುವ ಜಾಗದಲ್ಲಿ ಗೆರೆ ಎಳೆಯಿರಿ. ಆಮೇಲೆ ಪೆಡಲನ್ನು ಕೈಯಲ್ಲೇ ಸರಿಯಾಗಿ ಒಂದು ಸುತ್ತು ತಿರುಗಿಸುತ್ತ ಸೈಕಲನ್ನು ಮುಂದೆ ಸಾಗಿಸಿ, ಚಕ್ರ ನಿಂತಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ದೂರವೇ ನಿಮ್ಮ ಗೇರ್. ಹಳಬರು ಇದನ್ನು 'ಗೇರ್ ಇಂಚು' ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಹಿಂದೆ ದೊಡ್ಡ ಮುಂಚಕ್ರದ ಸೈಕಲ್‌ಗಳಿದ್ದ ಕಾಲದಿಂದ ಬಂದ ಅಳತೆ ಅದು. ನನಗೆ ಮೀಟರೇ ಇಷ್ಟ, ಕಣ್ಣಿಗೆ ಕಾಣುತ್ತದೆ. ಯಾರಾದರೂ ಗೇರ್ ಇಂಚಿನಲ್ಲಿ ಹೇಳಿದರೆ ಅದನ್ನು 0.08 ರಿಂದ ಗುಣಿಸಿ, ಹೆಚ್ಚುಕಡಿಮೆ ಮೀಟರ್ ಬರುತ್ತದೆ.

ನೆಲ ಗೀಚಲು ಮನಸ್ಸಿಲ್ಲದಿದ್ದರೆ ಹಲ್ಲು ಎಣಿಸಿ. ಮುಂದಿನ ಚೈನ್‌ರಿಂಗ್‌ನ ಹಲ್ಲನ್ನು ಹಿಂದಿನ ಸ್ಪ್ರಾಕೆಟ್‌ನ (ಹಿಂಚಕ್ರದ ಹಲ್ಲುಚಕ್ರದ) ಹಲ್ಲಿನಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿ. 406 ಮಿ.ಮೀ. ರಿಮ್‌ನ 20 ಇಂಚಿನ ಚಕ್ರದ ಸುತ್ತಳತೆ ಸುಮಾರು 1.5 ಮೀಟರ್. ಬ್ರಾಂಪ್ಟನ್ ಕಂಪನಿಯ ಮಡಚುವ ಸೈಕಲ್‌ನಂಥ 16 ಇಂಚಿನ ಚಕ್ರದ್ದು ಸುಮಾರು 1.3 ಮೀಟರ್. ನನ್ನ ಸೈಕಲ್ 20 ಇಂಚಿನದು. ತಂದಾಗ ಮುಂದೆ 52 ಹಲ್ಲು, ಹಿಂದೆ 14 ರಿಂದ 28 ರವರೆಗೆ ಏಳು ಗೇರ್ ಇದ್ದವು. 52 ಭಾಗಿಸು 28, ಗುಣಿಸು 1.5. ಒಂದನೇ ಗೇರ್ 2.79 ಮೀಟರ್.

ಈಗ ಇದೇ ಲೆಕ್ಕವನ್ನು ಏರಿನ ಮೇಲೆ ಇಡೋಣ. ನೂರು ಮೀಟರ್ ಹೋದರೆ ಎಂಟು ಮೀಟರ್ ಮೇಲೇರುವ ದಾರಿ. ಸವಾರ, ಸೈಕಲ್, ಬ್ಯಾಗ್ ಎಲ್ಲ ಸೇರಿ 90 ಕಿಲೋ. ವೇಗ ಗಂಟೆಗೆ 6 ಕಿ.ಮೀ. ಅಂದರೆ ನಿಮಿಷಕ್ಕೆ ನೂರು ಮೀಟರ್. ಇದಕ್ಕೆ ಸುಮಾರು 130 ವ್ಯಾಟ್ ಬೇಕು. ಗೇರ್ ಯಾವುದೇ ಇರಲಿ, ಈ 130 ಬದಲಾಗುವುದಿಲ್ಲ. ಗೇರ್ ಬದಲಾಯಿಸಿದರೆ ಶ್ರಮವೇ ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ಆ ಶ್ರಮವನ್ನು ದೊಡ್ಡ ತುತ್ತಾಗಿ ನುಂಗುತ್ತೀರೋ, ಚಿಕ್ಕ ತುತ್ತಾಗಿ ನುಂಗುತ್ತೀರೋ ಅನ್ನುವುದಷ್ಟೇ ಬದಲಾಗುತ್ತದೆ.

2.79 ಮೀಟರ್ ಗೇರ್‌ನಲ್ಲಿ ಆ ವೇಗಕ್ಕೆ ನಿಮಿಷಕ್ಕೆ 36 ಸುತ್ತು ತುಳಿದರೆ ಸಾಕು. ಕಡಿಮೆ ಸುತ್ತು ಅಂತ ಖುಷಿಪಡುವ ಹಾಗಿಲ್ಲ. ಒಂದೊಂದು ಸುತ್ತಿನಲ್ಲೂ ಪೆಡಲ್ ಮೇಲೆ ಸರಾಸರಿ 20 ಕಿಲೋ ಭಾರ ಬೀಳಬೇಕು. ಇದು ಸರಾಸರಿ ಮಾತ್ರ. ಪೆಡಲ್ ತೀರಾ ಮೇಲೆ ಇಲ್ಲವೇ ತೀರಾ ಕೆಳಗೆ ಇರುವಾಗ ಕಾಲಿಂದ ಏನೂ ಮಾಡಲಾಗುವುದಿಲ್ಲ, ಆ ಬಾಕಿಯನ್ನೆಲ್ಲ ನಡುವಿನ ಒತ್ತಿನಲ್ಲೇ ತೀರಿಸಬೇಕು. ಅದೇ ಗೇರ್ 1.85 ಮೀಟರ್ ಆದರೆ 54 ಸುತ್ತು, ಸರಾಸರಿ 14 ಕಿಲೋಗಿಂತ ಕಡಿಮೆ. ಉಸಿರು ಅಷ್ಟೇ ಏರುತ್ತದೆ, ಆದರೆ ಮೊಣಕಾಲು ಗೊಣಗುವುದಿಲ್ಲ.

ಹಾಗಾದರೆ ಎಷ್ಟು ಕೆಳಗೆ ಹೋಗಬೇಕು? ಮನಸ್ಸು ಬಂದಷ್ಟು ಕೆಳಗೆ ಹೋಗಿ ಪ್ರಯೋಜನವಿಲ್ಲ. ಈಗಿನ ಮೌಂಟನ್ ಬೈಕ್‌ಗಳಲ್ಲಿ ಮುಂದೆ 32, ಹಿಂದೆ 51 ಹಲ್ಲು ಇದ್ದರೆ ಒಂದನೇ ಗೇರ್ 1.45 ಮೀಟರ್‌ನ ಆಸುಪಾಸು. ಅದನ್ನು ನಿಧಾನಕ್ಕೆ, ನಿಮಿಷಕ್ಕೆ 50 ಸುತ್ತು ತುಳಿದರೆ ವೇಗ ಗಂಟೆಗೆ 4.3 ಕಿ.ಮೀ. ಅಷ್ಟು ನಿಧಾನಕ್ಕೆ ಚಿಕ್ಕ ಚಕ್ರದ ಸೈಕಲ್ ನೇರ ನಿಲ್ಲಿಸುವುದೇ ಒಂದು ಸರ್ಕಸ್. ಅದಕ್ಕಿಂತ ಇಳಿದು ತಳ್ಳುವುದೇ ವಾಸಿ, ಅಲ್ವಾ? ನನ್ನ ಅನುಭವದಲ್ಲಿ ಬ್ಯಾಗಿಲ್ಲದೆ ಹೋಗುವವರಿಗೆ 2.2 ಮೀಟರ್ ಸಾಕು. ಸಾಮಾನು ಹೊತ್ತು ದೂರ ಹೋಗುವವರು 1.8 ಮೀಟರ್ ಕಡೆಗೆ ನೋಡಲಿ. 1.5ಕ್ಕಿಂತ ಕೆಳಗಿನದು ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಇಲ್ಲಿ ಎರಡು ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಇರುವ ಗೇರ್‌ಗಳನ್ನೆಲ್ಲ ಒಟ್ಟಿಗೆ ಕೆಳಗೆ ಇಳಿಸುವುದು ಒಂದು. ಮೇಲಿನ ತುದಿ ಹಾಗೇ ಉಳಿಸಿಕೊಂಡು ಕೆಳಗೆ ಮಾತ್ರ ಚಾಚುವುದು ಇನ್ನೊಂದು. ಮೊದಲನೆಯದು ಸುಲಭ, ಅಗ್ಗ. ಅದರಲ್ಲಿ ಮೇಲಿನ ಗೇರ್ ಕಳೆದುಹೋಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಒಂದು ವಾರ ನಿಮ್ಮನ್ನೇ ಗಮನಿಸಿ ನೋಡಿ. ಕೊನೆಯ ಗೇರ್‌ನಲ್ಲಿ ಎಷ್ಟು ಹೊತ್ತು ತುಳಿದಿರಿ? ಇಳಿಜಾರಿನಲ್ಲಿ ಮಾತ್ರ ತಾನೇ? ಇಳಿಜಾರಿನಲ್ಲಿ ತುಳಿಯದೆ ಕೂತರೂ ಸೈಕಲ್ ಹೋಗುತ್ತದೆ. ಏರಿನಲ್ಲಿ ತುಳಿಯದೆ ಕೂತರೆ ಹಿಂದೆ ಬರುತ್ತದೆ. ಬಿಟ್ಟುಕೊಡುವುದಾದರೆ ಮೇಲಿನ ಗೇರನ್ನೇ ಬಿಟ್ಟುಕೊಡಿ. ನನ್ನ ಸಲಹೆಯ ತಿರುಳು ಇಷ್ಟೇ.

ಅದಕ್ಕೆ ಮೊದಲು ಕೈ ಹಾಕಬೇಕಾದ್ದು ಮುಂದಿನ ಚೈನ್‌ರಿಂಗ್‌ಗೆ. 52ರ ಬದಲು 42 ಹಾಕಿದರೆ ಒಂದನೇ ಗೇರ್ 2.79ರಿಂದ 2.25 ಮೀಟರ್‌ಗೆ ಇಳಿಯುತ್ತದೆ. ಏಳನೇ ಗೇರ್ 5.57ರಿಂದ 4.5ಕ್ಕೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 27 ಕಿ.ಮೀ. ಹೋಗುತ್ತಿದ್ದದ್ದು ಈಗ 21.6 ಆಗುತ್ತದೆ. ನನಗೆ ಅದೇನೂ ಕೊರತೆ ಅನ್ನಿಸಲಿಲ್ಲ. ಸಮತಟ್ಟಿನಲ್ಲಿ ಗುಂಪಿನ ಜೊತೆ ಜೋರಾಗಿ ಹೋಗುವವರಿಗೆ ಅನ್ನಿಸಬಹುದು. ಅಂಥವರು 46ಕ್ಕೆ ನಿಲ್ಲಿಸಲಿ.

ರಿಂಗ್ ತರುವ ಮುಂಚೆ ನಿಮ್ಮ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು ನೋಡಿ. ರಿಂಗನ್ನು ಬೋಲ್ಟ್‌ನಲ್ಲಿ ಕೂರಿಸಿದ್ದಾರಾ, ರಿವೆಟ್ ಹೊಡೆದಿದ್ದಾರಾ? ರಿವೆಟ್ ಇದ್ದರೆ ರಿಂಗ್ ಒಂದನ್ನೇ ಬಿಚ್ಚಲಾಗುವುದಿಲ್ಲ, ಇಡೀ ಕ್ರ್ಯಾಂಕ್ ಬದಲಾಯಿಸಬೇಕು. ಬೋಲ್ಟ್ ಇದ್ದರೆ ಆ ಬೋಲ್ಟ್‌ಗಳು ಕೂತ ವೃತ್ತದ ಅಗಲ ಎಷ್ಟು ಅನ್ನುವುದು ಮುಖ್ಯ. ಐದು ಬೋಲ್ಟ್ ಇರುವ ಕ್ರ್ಯಾಂಕ್‌ನಲ್ಲಿ ಅದನ್ನು ನೇರವಾಗಿ ಅಳೆಯುವುದು ಕಷ್ಟ. ಅಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುವಿನ ದೂರ ಅಳೆಯಿರಿ, ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ. 76.4 ಮಿ.ಮೀ. ಬಂದರೆ ಅದು 130 ಮಿ.ಮೀ. ವೃತ್ತದ ಕ್ರ್ಯಾಂಕ್. 64.7 ಬಂದರೆ 110ರದು. 130ರದ್ದಕ್ಕೆ 38 ಹಲ್ಲಿಗಿಂತ ಚಿಕ್ಕ ರಿಂಗ್ ಕೂರುವುದಿಲ್ಲ, ಬೋಲ್ಟ್‌ಗಳೇ ಚೈನಿಗೆ ಅಡ್ಡ ಬರುತ್ತವೆ. 110ರದ್ದಕ್ಕೆ ಸಾಮಾನ್ಯವಾಗಿ 34ರವರೆಗೆ ಸಿಗುತ್ತದೆ.

ಇನ್ನು ಚೈನ್. ಇಲ್ಲೇ ನಾನು ಎಡವಿದ್ದು. 42ರ ರಿಂಗ್ ಹಾಕಿ, ಬೋಲ್ಟ್ ಬಿಗಿ ಮಾಡಿ, ಹಳೇ ಚೈನ್ ಹಾಗೇ ಏರಿಸಿ ಹೊರಟೆ. ಏರು ಚೆನ್ನಾಗೇ ಹತ್ತಿದೆ. ಇಳಿಯುವಾಗ ಚಿಕ್ಕ ಸ್ಪ್ರಾಕೆಟ್‌ಗೆ ಹಾಕಿದೆ. ಒಂದು ಗುಂಡಿ ಸಿಕ್ಕಿದ್ದೇ ತಡ, ಚೈನ್ ಮುಂದಿನ ರಿಂಗ್‌ನಿಂದ ಹಾರಿ ಫ್ರೇಮಿಗೂ ಕ್ರ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತು. ಬೆರಳಿನ ತುಂಬ ಮಸಿ, ಫ್ರೇಮಿನ ಮೇಲೆ ಇವತ್ತಿಗೂ ಹೋಗದ ಗೀರು. ತಪ್ಪು ಪೂರ್ತಿ ನನ್ನದೇ, ಚೈನ್ ಉದ್ದ ಜಾಸ್ತಿಯಾಗಿತ್ತು.

ಅದರ ಲೆಕ್ಕ ಹೀಗೆ. ಚೈನ್ ಹಲ್ಲುಚಕ್ರವನ್ನು ಸುಮಾರು ಅರ್ಧ ಸುತ್ತು ಮಾತ್ರ ಅಪ್ಪಿಕೊಂಡಿರುತ್ತದೆ. ಆದ್ದರಿಂದ ಹಲ್ಲು ಹತ್ತು ಕಡಿಮೆಯಾದರೆ ಚೈನಿನ ಕೊಂಡಿ ಐದು ಹೆಚ್ಚಾಗುತ್ತದೆ. ಒಂದು ಕೊಂಡಿ ಅರ್ಧ ಇಂಚು. ಆದರೆ ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಬರುವುದರಿಂದ ಜೋಡಿಯಾಗಿಯೇ ತೆಗೆಯಬೇಕು. ಐದು ತೆಗೆಯಲಾಗುವುದಿಲ್ಲ, ನಾಲ್ಕು ಇಲ್ಲವೇ ಆರು. ಗೊಂದಲವಾದರೆ ನಾಲ್ಕೇ ತೆಗೆಯಿರಿ. ಉದ್ದ ಸ್ವಲ್ಪ ಜಾಸ್ತಿಯಿದ್ದರೆ ಡಿರೈಲರ್ (ಹಿಂದೆ ಚೈನನ್ನು ಸ್ಪ್ರಾಕೆಟ್‌ನಿಂದ ಸ್ಪ್ರಾಕೆಟ್‌ಗೆ ಸರಿಸುವ, ಬಿಗಿಯಾಗಿ ಹಿಡಿದಿರುವ ಸಾಧನ) ಸೆಳೆದುಕೊಳ್ಳುತ್ತದೆ. ಗಿಡ್ಡವಾದರೆ ದೊಡ್ಡ ಸ್ಪ್ರಾಕೆಟ್‌ಗೆ ಏರಿದ ಗಳಿಗೆಯಲ್ಲಿ ಡಿರೈಲರ್ ಸೆಟೆದು, ಅದು ನೇತಾಡುವ ಕೊಕ್ಕೆಯೇ ತಿರುಚಿಕೊಳ್ಳುತ್ತದೆ.

ಮುಂದೆ ಬದಲಾಯಿಸಿದ್ದು ಸಾಲದಿದ್ದರೆ ಹಿಂದಕ್ಕೆ ಬನ್ನಿ. ಮೇಲಿನ ಗೇರ್ ಬಿಟ್ಟುಕೊಡಲು ಒಪ್ಪದವರು ಶುರು ಮಾಡಬೇಕಾದ್ದೂ ಇಲ್ಲಿಂದಲೇ. ಏಳು ಗೇರಿನ ಸಾಧಾರಣ ಫ್ರೀವೀಲ್‌ನಲ್ಲಿ, ಅಂದರೆ ಹಿಂದಿನ ಸ್ಪ್ರಾಕೆಟ್‌ಗಳ ಗೊಂಚಲಿನಲ್ಲಿ, ಹಲ್ಲುಗಳು 14, 16, 18, 20, 22, 24, 28 ಅಂತ ಇರುತ್ತವೆ. ಶಿಮಾನೋದವರ ಮೆಗಾರೇಂಜ್ ಎಂಬ ಫ್ರೀವೀಲ್‌ನಲ್ಲಿ 14, 16, 18, 20, 22, 24, ಆಮೇಲೆ ಒಮ್ಮೆಲೇ 34. ಅಂದರೆ ಆರು ಗೇರ್ ಹಾಗೇ, ಕೊನೆಯದು ಮಾತ್ರ ಬೇರೆ. 24ರಿಂದ 34ಕ್ಕೆ ಹಾರುವಾಗ ಕಾಲಿಗೆ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ. ಇದನ್ನು ದೂರುವವರು ಬಹಳ. ನನಗಂತೂ ಇದು ಜಾಣತನದ ಕೆಲಸ ಅನ್ನಿಸುತ್ತದೆ. ಕಡಿದಾದ ಏರು ಬಂದಾಗ ಬೇಕಾದ್ದು ನುಣುಪಾದ ಬದಲಾವಣೆ ಅಲ್ಲ, ಆಪತ್ತಿಗೆ ಒಂದು ಗೇರ್. 52ರ ಜೊತೆಗೆ ಇದನ್ನು ಹಾಕಿದರೆ ಒಂದನೇ ಗೇರ್ 2.29 ಮೀಟರ್. ಮೇಲಿನ ಗೇರ್ ಹಾಗೇ ಉಳಿಯುತ್ತದೆ. 42ರ ಜೊತೆಗೆ ಹಾಕಿದರೆ 1.85. ನಾನು ಕೊನೆಗೆ ಬಂದು ನಿಂತದ್ದು ಇಲ್ಲೇ. ಆಗ ಚೈನಿನ ಲೆಕ್ಕವೂ ಬದಲಾಯಿತು. ಮುಂದೆ ಹತ್ತು ಹಲ್ಲು ಹೋದದ್ದಕ್ಕೆ ಐದು ಕೊಂಡಿ ಹೆಚ್ಚಾಗಿತ್ತು, ಹಿಂದೆ ಆರು ಹಲ್ಲು ಬಂದದ್ದಕ್ಕೆ ಮೂರು ಬೇಕಾಯಿತು. ಉಳಿದದ್ದು ಎರಡು, ಅಂದರೆ ಒಂದೇ ಜೋಡಿ.

ನಿಮ್ಮದು ಫ್ರೀವೀಲೋ, ಕ್ಯಾಸೆಟ್ಟೋ ಅಂತ ಮೊದಲೇ ತಿಳಿದುಕೊಳ್ಳಿ. ಫ್ರೀವೀಲ್ ಚಕ್ರದ ನಡುವಿನ ಹಬ್ ಮೇಲೆ ತಿರುಪಿನ ಹಾಗೆ ಕೂತಿರುತ್ತದೆ. ನೀವು ತುಳಿದಷ್ಟೂ ಅದು ಬಿಗಿಯಾಗುತ್ತಲೇ ಹೋಗಿರುತ್ತದೆ. ಅದಕ್ಕೇ ಆದ ಟೂಲ್, ಉದ್ದ ಹಿಡಿಯ ಸ್ಪ್ಯಾನರ್ ಇಲ್ಲದೆ ಅದು ಬಿಚ್ಚುವ ಮಾತೇ ಇಲ್ಲ. ಟೂಲ್ ಜಾರಿದರೆ ಒಳಗಿನ ಕಚ್ಚುಗಳು ಸವೆದುಹೋಗಿ ಮತ್ತೆ ಹಿಡಿತವೇ ಸಿಗುವುದಿಲ್ಲ. ಅದಕ್ಕೇ ಟೂಲನ್ನು ಆಕ್ಸಲ್ ನಟ್‌ನಿಂದ ಒತ್ತಿ ಹಿಡಿಸಿ, ಆಮೇಲೆ ತಿರುಗಿಸಿ. ಒಂದು ಸಲ ಸಡಿಲವಾದ ಕೂಡಲೇ ಆ ನಟ್ ಬಿಚ್ಚಿಬಿಡಿ. ಹಬ್ ಮೇಲೆ ಜಾರಿಸಿ ಕೂರಿಸುವ ಸ್ಪ್ರಾಕೆಟ್ ಗೊಂಚಲು, ಅಂದರೆ ಕ್ಯಾಸೆಟ್, ಇಷ್ಟು ಕಾಟ ಕೊಡುವುದಿಲ್ಲ. ಜೊತೆಗೆ ಅದರಲ್ಲಿ 11 ಹಲ್ಲಿನ ಚಿಕ್ಕ ಸ್ಪ್ರಾಕೆಟ್ ಇರುವುದರಿಂದ ಮುಂದಿನ ರಿಂಗ್ ಎಷ್ಟು ಚಿಕ್ಕದು ಮಾಡಿದರೂ ಮೇಲಿನ ಗೇರ್ ಅಷ್ಟೊಂದು ಸೊರಗುವುದಿಲ್ಲ.

ದೊಡ್ಡ ಸ್ಪ್ರಾಕೆಟ್ ಹಾಕುವ ಮುಂಚೆ ಡಿರೈಲರ್‌ಗೆ ಅದು ಒಪ್ಪುತ್ತದಾ ನೋಡಬೇಕು. ಕೆಲವು 28 ಹಲ್ಲಿಗೇ ಸುಸ್ತು. 34 ಬೇಕಾದರೆ ಉದ್ದ ಬಾಲದ್ದು, ಅಂದರೆ ಕೆಳಗೆ ನೇತಾಡುವ ತೋಳು ಉದ್ದವಿರುವುದು ಬೇಕು. ದೊಡ್ಡ ಚಕ್ರದ ಸೈಕಲ್‌ನಲ್ಲಿ ಬಾಲ ಉದ್ದವಾದರೆ ಯಾರಿಗೂ ತೊಂದರೆಯಿಲ್ಲ. ಇಲ್ಲಿ ಹಿಂಚಕ್ರದ ಆಕ್ಸಲ್ಲೇ ನೆಲದಿಂದ 24 ಸೆ.ಮೀ. ಮೇಲಿರುವುದು. ಬಾಲ ಇನ್ನೂ ಕೆಳಗೆ ಇಳಿದರೆ ರಸ್ತೆಯ ಅಂಚಿನ ಕಲ್ಲು, ಒಣಹುಲ್ಲು, ಮಣ್ಣು ಎಲ್ಲ ಅದಕ್ಕೇ. ನಡುಗಾತ್ರದ ಬಾಲ ಸಾಕಾಗುವುದಾದರೆ ಅದನ್ನೇ ಹಾಕಿ. ಹಾಕಿದ ಮೇಲೆ ಡಿರೈಲರ್‌ನ ಹಿಂಭಾಗದ ಪುಟ್ಟ ಸ್ಕ್ರೂ ತಿರುಗಿಸಿ, ಮೇಲಿನ ಪುಟ್ಟ ಗಾಲಿ 34ರ ಹಲ್ಲಿಗೆ ಉಜ್ಜದಷ್ಟು ದೂರ ಸರಿಸಿ.

ಗೇರ್ ಹಬ್‌ನ ಒಳಗೇ ಇರುವ ಸೈಕಲ್‌ಗಳದು ಬೇರೆ ಕತೆ, ಒಂದರ್ಥದಲ್ಲಿ ಇನ್ನೂ ಸುಲಭ. ಹಿಂದೆ ಒಂದೇ ಸ್ಪ್ರಾಕೆಟ್. ಅದನ್ನು ಹಿಡಿದಿರುವುದು ಒಂದು ತೆಳ್ಳನೆಯ ತಂತಿಯ ಉಂಗುರ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಎದ್ದು ಬರುತ್ತದೆ. ಮೀಟುವಾಗ ಮೇಲೆ ಒಂದು ಬಟ್ಟೆ ಹಾಕಿಕೊಳ್ಳಿ, ಇಲ್ಲದಿದ್ದರೆ ಟಣ್ ಅಂತ ಹಾರಿ ಮಂಚದಡಿ ಸೇರುತ್ತದೆ. 14ರ ಬದಲು 18 ಹಲ್ಲಿನದು ಹಾಕಿದರೆ ಎಲ್ಲ ಗೇರ್‌ಗಳೂ ಶೇ. 22ರಷ್ಟು ಕೆಳಗಿಳಿಯುತ್ತವೆ. ಆದರೆ ಮೂರು ಗೇರ್‌ನ ಹಬ್‌ನ ಹರವೇ ಚಿಕ್ಕದು. ಸ್ಟರ್ಮಿ ಆರ್ಚರ್‌ನ ಹಳೆಯ ಮೂರು ಗೇರಿನ ಹಬ್‌ನಲ್ಲಿ ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ ಚಕ್ರ ಕೆಳಗಿನ ಗೇರ್‌ನಲ್ಲಿ 0.75 ಸುತ್ತು, ಮೇಲಿನದರಲ್ಲಿ 1.33 ಸುತ್ತು ತಿರುಗುತ್ತದೆ. ಕೆಳಗೆ ಎಳೆದರೆ ಮೇಲೆ ಏನೂ ಉಳಿಯುವುದಿಲ್ಲ. ಶಿಮಾನೋದ ಎಂಟು ಗೇರಿನ ನೆಕ್ಸಸ್ 0.527ರಿಂದ 1.615ರವರೆಗೆ ಹೋಗುತ್ತದೆ. ಮುಂದೆ 44, ಹಿಂದೆ 20 ಹಾಕಿದರೆ 20 ಇಂಚಿನ ಚಕ್ರಕ್ಕೆ 1.74ರಿಂದ 5.33 ಮೀಟರ್. ಗುಡ್ಡಕ್ಕೂ ಆಯಿತು, ಬಯಲಿಗೂ ಆಯಿತು.

ಹಬ್‌ನವರು ಮರೆಯಬಾರದ ಒಂದು ಮಿತಿ ಇದೆ. ಮುಂದಿನ ರಿಂಗ್ ಚಿಕ್ಕದಾದಷ್ಟೂ, ಹಿಂದಿನ ಸ್ಪ್ರಾಕೆಟ್ ದೊಡ್ಡದಾದಷ್ಟೂ ಹಬ್‌ನ ಒಳಗಿನ ಪುಟ್ಟ ಹಲ್ಲುಗಳ ಮೇಲೆ ಬೀಳುವ ತಿರುಚು ಬಲ ಹೆಚ್ಚುತ್ತದೆ. ಅದಕ್ಕೇ ತಯಾರಕರು ಮುಂದಿನದಕ್ಕೂ ಹಿಂದಿನದಕ್ಕೂ ಇರಬೇಕಾದ ಕನಿಷ್ಠ ಅನುಪಾತವನ್ನು ಕೈಪಿಡಿಯಲ್ಲಿ ಹೇಳಿರುತ್ತಾರೆ. ಇಲ್ಲಿ ಚಿಕ್ಕ ಚಕ್ರ ನಮ್ಮ ಕಡೆ ನಿಲ್ಲುತ್ತದೆ. ರೋಲಾಫ್‌ನ 14 ಗೇರಿನ ಹಬ್ ನೋಡಿ. ಅದರ ಒಂದನೇ ಗೇರ್ 0.279. ಮುಂದೆ 52ರ ದೊಡ್ಡ ರಿಂಗ್ ಇಟ್ಟುಕೊಂಡೇ, ಹಿಂದೆ 16 ಹಾಕಿದರೂ 20 ಇಂಚಿನ ಸೈಕಲ್‌ಗೆ 1.36 ಮೀಟರ್ ಸಿಗುತ್ತದೆ. ಹಬ್‌ಗೆ ಯಾವ ಹಿಂಸೆಯೂ ಇಲ್ಲ. ನಿಮ್ಮ ಜೇಬಿಗೆ ಮಾತ್ರ ಹಿಂಸೆ. ಜೊತೆಗೆ ಅದರ ಮಾಮೂಲಿ ಮಾದರಿಗೆ ಹಿಂದಿನ ಫ್ರೇಮಿನಲ್ಲಿ 135 ಮಿ.ಮೀ. ಜಾಗ ಬೇಕು.

ಬ್ರಾಂಪ್ಟನ್ ಆ ಜಾಗದ ವಿಷಯದಲ್ಲೇ ಹಟಮಾರಿ. ಅದರ ಹಿಂಭಾಗ ಇಕ್ಕಟ್ಟು, ಸಿಕ್ಕಿದ ಹಬ್ ತಂದು ಕೂರಿಸಲಾಗುವುದಿಲ್ಲ. ಆರು ಗೇರಿನ ಬ್ರಾಂಪ್ಟನ್‌ನಲ್ಲಿ ಅಗಲ ಹರವಿನ ಮೂರು ಗೇರಿನ ಹಬ್ ಇದೆ, ಹೊರಗೆ 13 ಮತ್ತು 16 ಹಲ್ಲಿನ ಎರಡು ಸ್ಪ್ರಾಕೆಟ್. 50 ಹಲ್ಲಿನ ರಿಂಗ್ ಜೊತೆ ಅದರ ಒಂದನೇ ಗೇರ್ ಸುಮಾರು 2.6 ಮೀಟರ್. 44ರ ರಿಂಗ್ ಹಾಕಿದರೆ 2.3. ಮೇಲೆ 7.8 ಇದ್ದದ್ದು 6.9 ಆಗುತ್ತದೆ, ಅದೂ ಸಾಕಷ್ಟಾಯಿತು. ಬ್ರಾಂಪ್ಟನ್ ಕೊಳ್ಳುವವರು ಗುಡ್ಡದ ಕಡೆಯವರಾದರೆ ಎರಡನೇ ಯೋಚನೆ ಮಾಡದೆ 44 ಹಾಕಿಸಿಕೊಳ್ಳಲಿ.

ಇಷ್ಟೂ ಸಾಲದವರಿಗೆ ಶ್ಲುಂಪ್ಫ್ ಮೌಂಟನ್ ಡ್ರೈವ್ ಎಂಬ ವಿಚಿತ್ರ ವಸ್ತು ಇದೆ. ಪೆಡಲ್‌ಗಳ ನಡುವಿನ ಬುಡದಲ್ಲೇ ಎರಡು ಗೇರ್. ಹಿಮ್ಮಡಿಯಿಂದ ಒಂದು ಗುಂಡಿ ತಟ್ಟಿದರೆ ಇರುವ ಗೇರ್‌ಗಳೆಲ್ಲ ಒಮ್ಮೆಲೇ ಎರಡೂವರೆ ಪಟ್ಟು ಹಗುರವಾಗುತ್ತವೆ. ದುಬಾರಿ, ಅಳವಡಿಸುವುದೂ ಗೋಜಲು. ಇದರ ಬಡವರ ರೂಪವೂ ಒಂದಿದೆ. ಒಳಗಡೆ ಇನ್ನೊಂದು ಚಿಕ್ಕ ರಿಂಗ್ ಹಾಕಿಕೊಂಡು, ಏರಿನ ಬುಡದಲ್ಲಿ ಇಳಿದು, ಚೈನನ್ನು ಕೈಯಲ್ಲೇ ಎತ್ತಿ ಅದರ ಮೇಲೆ ಕೂರಿಸುವುದು. ಹೆಚ್ಚಿದ ಚೈನನ್ನು ಸೆಳೆದುಕೊಳ್ಳುವ ತಾಕತ್ತು ಡಿರೈಲರ್‌ಗೆ ಇರಬೇಕು, ಅಷ್ಟೇ. ದಿನಕ್ಕೊಂದು ದೊಡ್ಡ ಏರು ಇರುವವರಿಗೆ ಇದೇನು ಕಷ್ಟವಲ್ಲ. ಜೇಬಲ್ಲಿ ಒಂದು ಹಳೇ ಬಟ್ಟೆ ಇರಲಿ.

ಎಲ್ಲ ಜೋಡಿಸಿದ ಮೇಲೆ ಹಿಂಚಕ್ರ ಎತ್ತಿ ಹಿಡಿದು ಒಂದೊಂದೇ ಗೇರ್ ಹಾಕಿ ನೋಡಿ. ದೊಡ್ಡ ಸ್ಪ್ರಾಕೆಟ್‌ನಲ್ಲಿ ಡಿರೈಲರ್ ಸೆಟೆದು ನಿಲ್ಲಬಾರದು, ಚಿಕ್ಕದರಲ್ಲಿ ಚೈನ್ ಜೋತುಬೀಳಬಾರದು, ಫ್ರೇಮಿಗೆ ಎಲ್ಲೂ ತಾಗಬಾರದು. ಆಮೇಲೆ ಎಲ್ಲರೂ ಮರೆಯುವ ಕೆಲಸ. ಸೈಕಲನ್ನು ಒಮ್ಮೆ ಪೂರ್ತಿ ಮಡಚಿ ನೋಡಿ. ಹೊಸ ಡಿರೈಲರ್ ನೆಲಕ್ಕೆ ಊರಿಕೊಳ್ಳುತ್ತದಾ, ಮುಂಚಕ್ರದ ಕಡ್ಡಿಗೆ ಸಿಗುತ್ತದಾ, ಬಿಚ್ಚಿದಾಗ ಚೈನ್ ತನ್ನ ಜಾಗದಲ್ಲೇ ಇರುತ್ತದಾ ಅಂತ ಪರೀಕ್ಷಿಸಿ. ಮಡಚಿದಾಗ ಡಿರೈಲರ್ ಎಲ್ಲಾದರೂ ಒತ್ತಿಕೊಳ್ಳುವುದಾದರೆ, ಮಡಚುವ ಮುಂಚೆ ಚೈನನ್ನು ಚಿಕ್ಕ ಸ್ಪ್ರಾಕೆಟ್‌ಗೆ ಇಳಿಸಿ. ಆಗ ಅದು ಹೊರಗೆ, ಫ್ರೇಮಿನ ಕೆಳಗೆ ಸರಿದು ನಿಲ್ಲುತ್ತದೆ. ನನ್ನ ಸೈಕಲ್‌ಗೆ ಅಷ್ಟೇ ಸಾಕಾಯಿತು.